ಅರವತ್ತು ಯಂತ್ರಗಳು, ಒಂದೇ ಉತ್ತರಪತ್ರಿಕೆ

(ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸಿಬ್ಬಂದಿಯ ಒಂದು ದಿನದ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ.)

ಊಟವಾದ ಮೇಲಿನ ಮೊದಲ ಮಾತು ನನ್ನದು. ನಿದ್ದೆ ಬರುವವರು ಹಿಂದಿನ ಸಾಲಿಗೆ ಹೋಗಿ ಕೂರಬಹುದು, ನನಗೇನೂ ಬೇಸರವಿಲ್ಲ. ನನ್ನ ವಿಷಯವೂ ಹಾಗೆಯೇ ಇದೆ: ಎದುರಿಗೆ ಎಚ್ಚರವಾಗಿ ಕೂತ ಮನುಷ್ಯನೊಬ್ಬನಿಲ್ಲದೆ ಕಂಪ್ಯೂಟರ್ ತನ್ನ ಮೇಲೆ ತಾನೇ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವುದು ಹೇಗೆ?

ಇದನ್ನು ಎತ್ತಿ ಹಿಡಿಯುತ್ತೇನೆ, ಹಿಂದಿನವರಿಗೆ ಕಾಣುತ್ತದೆಯೇ? 1.44 ಎಂಬಿಯ ಫ್ಲಾಪಿ. ಮನೆಯ ಬೀರುವಿನ ತಳದಲ್ಲಿ ಸಿಕ್ಕಿತು. ಮೇಲಿನ ನೀಲಿ ಚೀಟಿಗೆ ಅರ್ಥವಿದೆ. ನಾನು ಲ್ಯಾಬ್ ಸಹಾಯಕನಾಗಿ ಸೇರಿದಾಗ ವಿಂಡೋಸ್ ಎಕ್ಸ್‌ಪಿ ಹಾಕಲು ಬಿಸ್ಕತ್ತಿನ ಡಬ್ಬಿಯೊಂದರ ತುಂಬ ಇಂಥ ಫ್ಲಾಪಿಗಳಿದ್ದವು. ನೀಲಿ ಚೀಟಿಯದು ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡ್ ಇರುವ ಯಂತ್ರಕ್ಕೆ, ಹಸಿರಿನದು ಇಂಟೆಲ್ ಕಾರ್ಡಿಗೆ, ಹಳದಿಯದು ತ್ರೀಕಾಮ್ ಕಾರ್ಡಿಗೆ. ಮೂರು ಕಾರ್ಡಿನ ಡ್ರೈವರ್‌ಗಳನ್ನೂ ಒಂದೇ ಫ್ಲಾಪಿಗೆ ತುರುಕಲು ಹೋದರೆ ಜಾಗ ಸಾಲುತ್ತಿರಲಿಲ್ಲ, ಹಾಗಾಗಿ ಬಣ್ಣಗಳು.

ಒಳಗೆ ಇದ್ದದ್ದು ಇಷ್ಟು: ಡಾಸ್ ಎಂಬ ಹಳೆಯ ಪುಟ್ಟ ಆಪರೇಟಿಂಗ್ ಸಿಸ್ಟಮ್, ಕಾರ್ಡಿನ ಡ್ರೈವರ್, ಮೈಕ್ರೋಸಾಫ್ಟ್‌ನ ಡಾಸ್ ನೆಟ್‌ವರ್ಕ್ ಕ್ಲೈಂಟ್, ಮತ್ತು ಎದ್ದ ಕೂಡಲೇ ತಾನೇ ಓಡುವ ಆಜ್ಞೆಗಳ ಒಂದು ಆಟೋಎಕ್ಸೆಕ್ ಫೈಲ್. ಯಂತ್ರ ಫ್ಲಾಪಿಯಿಂದ ಏಳುತ್ತದೆ, ನೆಟ್‌ವರ್ಕ್ ಹಿಡಿಯುತ್ತದೆ, ಸರ್ವರ್‌ನಲ್ಲಿ ಹಂಚಿಟ್ಟ ಫೋಲ್ಡರನ್ನು ಝಡ್ ಡ್ರೈವ್ ಎಂದು ಕರೆದುಕೊಳ್ಳುತ್ತದೆ, ಅಲ್ಲಿಂದ ವಿನ್‌ಎನ್‌ಟಿ ಎಂಬ ಇನ್‌ಸ್ಟಾಲರನ್ನು ಓಡಿಸುತ್ತದೆ. ಆ ಆಜ್ಞೆಯ ಕೊನೆಯಲ್ಲಿ ಒಂದು ಪಠ್ಯ ಫೈಲಿನ ಹೆಸರು ಇರುತ್ತಿತ್ತು: ಅನ್‌ಅಟೆಂಡ್ ಡಾಟ್ ಟಿಎಕ್ಸ್‌ಟಿ. ಇನ್‌ಸ್ಟಾಲರ್ ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಅದರಲ್ಲಿ ಮೊದಲೇ ಉತ್ತರ ಬರೆದಿಟ್ಟಿರಬೇಕು, ಅದಕ್ಕೇ ಅದನ್ನು ಉತ್ತರಪತ್ರಿಕೆ ಎನ್ನುತ್ತೇನೆ. ಪರವಾನಗಿ ಒಪ್ಪುತ್ತೀಯಾ? ಹೌದು. ಯಾವ ಫೋಲ್ಡರ್? ಇಂಥದ್ದು. ಕಾಲವಲಯ ಯಾವುದು? 190. ಭಾರತದ ಸಮಯಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಸಂಖ್ಯೆ ಅದು. ನನ್ನ ಮೊದಲ ಮೊಬೈಲ್ ನಂಬರ್ ಮರೆತಿದ್ದೇನೆ, ಈ 190 ಮರೆತಿಲ್ಲ.

ಮೊದಲ ಸಲ ಓಡಿಸಿದಾಗ ಬೆಳಿಗ್ಗೆ ಶುರುವಾದ ಫೈಲ್ ಕಾಪಿ ಮಧ್ಯಾಹ್ನದ ಊಟದ ಹೊತ್ತಿಗೂ ಮುಗಿದಿರಲಿಲ್ಲ. ಸರ್ವರ್ ನಿಧಾನ, ಕೇಬಲ್ ಸರಿಯಿಲ್ಲ, ಸ್ವಿಚ್ ಹಳೆಯದು ಎಂದು ಎಲ್ಲರನ್ನೂ ಬೈದಾಯಿತು. ಕೊನೆಗೆ ಗೊತ್ತಾದದ್ದು, ಫ್ಲಾಪಿಯಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಪುಟ್ಟ ಪ್ರೋಗ್ರಾಮ್ ಇರಲಿಲ್ಲ. ಡಿಸ್ಕಿಗೆ ಬರೆಯುವುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಡಾಸ್‌ನಲ್ಲಿ ಅದಿಲ್ಲದೆ ಸಾವಿರಾರು ಸಣ್ಣ ಫೈಲ್‌ಗಳನ್ನು ಕಾಪಿ ಮಾಡುವುದೆಂದರೆ ಕೆರೆಯ ನೀರನ್ನು ಚಮಚದಲ್ಲಿ ಮೊಗೆದ ಹಾಗೆ. ಆ ಒಂದು ಸಾಲು ಸೇರಿಸಿದ ಮೇಲೆ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಇಷ್ಟೆಲ್ಲ ಮಾಡಿಯೂ ನಾನು ಲ್ಯಾಬ್ ಬಿಟ್ಟು ಕದಲುವ ಹಾಗಿರಲಿಲ್ಲ. ಕಾಪಿ ಮುಗಿಸಿ ಯಂತ್ರ ರೀಬೂಟ್ ಆಗುತ್ತದೆ. ಆಗ ಫ್ಲಾಪಿ ಒಳಗೇ ಇದ್ದರೆ ಮತ್ತೆ ಅದರಿಂದಲೇ ಎದ್ದು ಇಡೀ ಕೆಲಸವನ್ನು ಮೊದಲಿನಿಂದ ಶುರು ಮಾಡುತ್ತದೆ. ಆದ್ದರಿಂದ ಸರಿಯಾದ ಗಳಿಗೆಯಲ್ಲಿ ಫ್ಲಾಪಿ ಕೀಳಲು ಒಬ್ಬ ಬೇಕು. ಯಾರೂ ಕಾಯಬೇಕಿಲ್ಲದ ಇನ್‌ಸ್ಟಾಲೇಶನ್ ಎಂದು ಹೆಸರಿಟ್ಟು ನಾವು ಇಬ್ಬರು ಸಾಲು ಸಾಲಿನ ನಡುವೆ ಓಡಾಡುತ್ತ ಫ್ಲಾಪಿ ಕೀಳುತ್ತಿದ್ದೆವು. ಆ ಸುತ್ತು ತಿರುಗುವ ತೊಂದರೆಯನ್ನು ನೆನಪಿಡಿ, ಇನ್ನೊಂದು ವೇಷದಲ್ಲಿ ಮತ್ತೆ ಬರುತ್ತದೆ.

ಫ್ಲಾಪಿ ಹೋಯಿತು, ಅದರ ಕೆಲಸ ನೆಟ್‌ವರ್ಕ್ ಕಾರ್ಡಿನೊಳಗೇ ಸೇರಿಕೊಂಡಿತು. ಇಂಟೆಲ್ 1999ರಲ್ಲಿ ಯಂತ್ರ ನೆಟ್‌ವರ್ಕಿನಿಂದಲೇ ಏಳುವುದಕ್ಕೆ ಪಿಎಕ್ಸ್‌ಇ ಎಂಬ ಮಾನದಂಡದ 2.1ನೆಯ ಆವೃತ್ತಿಯನ್ನು ಪ್ರಕಟಿಸಿತು. ಬಾಯಿಮಾತಿನಲ್ಲಿ ನಾವು ಪಿಕ್ಸಿ ಎನ್ನುತ್ತೇವೆ. ಇವತ್ತು ನಿಮ್ಮ ಲ್ಯಾಬಿನಲ್ಲಿ ಕೇಬಲ್ ಸಿಕ್ಕಿಸಿಕೊಂಡು ಕೂತಿರುವ ಬಹುತೇಕ ಎಲ್ಲ ಯಂತ್ರಗಳಲ್ಲೂ ಅದು ಇದೆ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆನ್ ಮಾಡಿದರೆ ಸಾಕು.

ಯಂತ್ರಕ್ಕೂ ಸರ್ವರ್‌ಗೂ ಆಗ ನಡೆಯುವ ಮಾತುಕತೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮುಂದೆ ಕೆಟ್ಟುಹೋಗುವುದೆಲ್ಲ ಇಲ್ಲಿಯೇ. ಯಂತ್ರಕ್ಕೆ ಆಗಿನ್ನೂ ನೆಟ್‌ವರ್ಕಿನಲ್ಲಿ ಐಪಿ ವಿಳಾಸವಿಲ್ಲ, ಡಿಸ್ಕಿನಲ್ಲಿ ಏನೂ ಇಲ್ಲ, ಇರುವುದು ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವೊಂದೇ. ಅದು ಇಡೀ ನೆಟ್‌ವರ್ಕಿಗೆ ಕೇಳುವ ಹಾಗೆ ಕೂಗುತ್ತದೆ: ಯಾರಾದರೂ ನನಗೊಂದು ವಿಳಾಸ ಕೊಡಿ, ನಾನು ಪಿಎಕ್ಸ್‌ಇ ಯಂತ್ರ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಅದನ್ನು ಕೊಡುತ್ತದೆ, ಜೊತೆಗೆ ಇನ್ನೆರಡು ವಿಷಯ ಹೇಳುತ್ತದೆ: ಇಂಥ ಸರ್ವರ್‌ಗೆ ಹೋಗು, ಇಂಥ ಹೆಸರಿನ ಫೈಲ್ ತೆಗೆದುಕೋ. ಯಂತ್ರ ಆ ಫೈಲನ್ನು ಟಿಎಫ್‌ಟಿಪಿ ಎಂಬ ಫೈಲ್ ಸಾಗಿಸುವ ಸರಳ ವಿಧಾನದ ಮೂಲಕ ತರಿಸಿಕೊಂಡು ಓಡಿಸುತ್ತದೆ.

ಟಿಎಫ್‌ಟಿಪಿ ಬಹಳ ಬಡಪಾಯಿ. ಅದಕ್ಕೆ ಪಾಸ್‌ವರ್ಡ್ ಗೊತ್ತಿಲ್ಲ, ಫೋಲ್ಡರಿನಲ್ಲಿ ಏನೇನಿದೆ ಎಂದು ಪಟ್ಟಿ ಕೇಳಲೂ ಬರುವುದಿಲ್ಲ. 512 ಬೈಟ್ ಕಳಿಸುತ್ತದೆ, ಬಂತು ಎಂಬ ಉತ್ತರಕ್ಕೆ ಕಾಯುತ್ತದೆ, ಮುಂದಿನ 512 ಬೈಟ್ ಕಳಿಸುತ್ತದೆ. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್‌ನಂಥ ಸಣ್ಣ ಫೈಲಿಗೆ ಇದು ಸಾಕು. ಆದರೆ ಇನ್‌ಸ್ಟಾಲರಿನ 60 ಎಂಬಿಯ ಫೈಲನ್ನು ಹೀಗೆ ತರಿಸಿಕೊಂಡರೆ 1,22,880 ತುಂಡುಗಳಾಗುತ್ತವೆ. ತುಂಡಿನ ಸಂಖ್ಯೆ ಬರೆಯಲು ಅದರಲ್ಲಿರುವುದು 16 ಬಿಟ್ ಜಾಗ, 65,535 ದಾಟಿದರೆ ಎಣಿಕೆ ಮುಗಿಯಿತು. ಅಂದರೆ 32 ಎಂಬಿಗೇ ಮೂಲ ನಿಯಮದ ಗಡಿ. ತುಂಡಿನ ಗಾತ್ರ ಹೆಚ್ಚಿಸುವ ಉಪಾಯ ಆಮೇಲೆ ಬಂದಿದೆ. ನಾನಂತೂ ಟಿಎಫ್‌ಟಿಪಿಯಿಂದ ಐಪಿಎಕ್ಸ್‌ಇ ಎಂಬ ಸಣ್ಣ ಬೂಟ್‌ಲೋಡರನ್ನು ಮಾತ್ರ ತರಿಸಿ, ದೊಡ್ಡದನ್ನೆಲ್ಲ ವೆಬ್ ಪುಟಗಳು ಬರುವ ಎಚ್‌ಟಿಟಿಪಿಯಿಂದ ಎಳೆಯುತ್ತೇನೆ. ಟಿಎಫ್‌ಟಿಪಿಯ ಜೊತೆ ಜಗಳವಾಡುವ ವಯಸ್ಸು ದಾಟಿದೆ.

ಪಿಎಕ್ಸ್‌ಲಿನಕ್ಸ್ ಎಂಬ ಇನ್ನೊಂದು ಬೂಟ್‌ಲೋಡರ್ ಬಳಸುವವರಿಗೆ ಒಂದು ಸೊಗಸಾದ ವ್ಯವಸ್ಥೆ ತೋರಿಸಬೇಕು. ಅದು ಎದ್ದ ಕೂಡಲೇ ತನಗಾಗಿ ಬರೆದಿಟ್ಟ ಫೈಲ್ ಇದೆಯೇ ಎಂದು ಹುಡುಕುತ್ತದೆ. ಯಂತ್ರದ ಯುಯುಐಡಿ ಎಂಬ ಗುರುತಿನ ಹೆಸರಿನ ಫೈಲ್ ಇಲ್ಲದಿದ್ದರೆ, ತನ್ನ ಮ್ಯಾಕ್ ವಿಳಾಸದ ಹೆಸರಿನಲ್ಲಿ. ಸಿಗದಿದ್ದರೆ ಐಪಿ ವಿಳಾಸವನ್ನು ಹದಿನಾರರ ಎಣಿಕೆಗೆ ತಿರುಗಿಸಿ ಆ ಹೆಸರಿನಲ್ಲಿ. 192.168.10.21 ಎಂಬುದು ಸಿ0ಎ80ಎ15 ಆಗುತ್ತದೆ. ಅದೂ ಇಲ್ಲದಿದ್ದರೆ ಕೊನೆಯ ಅಕ್ಷರ ಬಿಟ್ಟು ಸಿ0ಎ80ಎ1, ಮತ್ತೊಂದು ಬಿಟ್ಟು ಸಿ0ಎ80ಎ, ಹೀಗೆ ಕತ್ತರಿಸುತ್ತಾ ಹೋಗಿ ಕಟ್ಟಕಡೆಗೆ ಡಿಫಾಲ್ಟ್ ಎಂಬ ಫೈಲಿಗೆ ಬರುತ್ತದೆ. ಸಿ0ಎ80ಎ1 ಎಂದು ಒಂದು ಫೈಲ್ ಇಟ್ಟರೆ 16ರಿಂದ 31ರವರೆಗಿನ ಹದಿನಾರು ಯಂತ್ರಗಳಿಗೂ ಅದೇ ಅನ್ವಯ. ನಾನು ಲ್ಯಾಬಿನ ಎರಡನೆಯ ಸಾಲಿಗೆ ಬೇಕೆಂದೇ ಆ ವಿಳಾಸಗಳನ್ನು ಕೊಟ್ಟಿದ್ದೇನೆ. ಒಂದು ಫೈಲ್ ಇಟ್ಟರೆ ಒಂದು ಸಾಲು ಹೊಸದಾಗುತ್ತದೆ, ತೆಗೆದರೆ ನಿಲ್ಲುತ್ತದೆ.

ಇನ್ನು ಉತ್ತರಪತ್ರಿಕೆಗೆ ಬರೋಣ. ವಿಂಡೋಸಿನ ಅನ್‌ಅಟೆಂಡ್ ಫೈಲ್ ಈಗ ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿದೆ. ಲಿನಕ್ಸ್‌ನ ರೆಡ್ ಹ್ಯಾಟ್ ಬಳಗದಲ್ಲಿ ಅದರ ಹೆಸರು ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರಿಸೀಡ್, ಉಬುಂಟು ಸರ್ವರ್‌ನಲ್ಲಿ 20.04ರಿಂದ ಆಟೋಇನ್‌ಸ್ಟಾಲ್. ವ್ಯಾಕರಣ ಬೇರೆ ಬೇರೆ, ಮಾಡುವುದು ಒಂದೇ. ಬರೆಯಲು ಹೆದರಬೇಡಿ. ಫೆಡೋರಾ ಅಥವಾ ಅದರ ಬಳಗದ ಯಾವುದನ್ನಾದರೂ ಒಂದು ಯಂತ್ರಕ್ಕೆ ಕೈಯಾರೆ ಹಾಕಿ, ನೀವು ಆಗ ಕೊಟ್ಟ ಉತ್ತರಗಳನ್ನೇ ಬಳಸಿ ಇನ್‌ಸ್ಟಾಲರ್ ಒಂದು ಕಿಕ್‌ಸ್ಟಾರ್ಟ್ ಫೈಲ್ ಬರೆದು ರೂಟ್ ಫೋಲ್ಡರಿನಲ್ಲಿ ಇಟ್ಟು ಹೋಗಿರುತ್ತದೆ. ಅದನ್ನೇ ತಿದ್ದಿಕೊಳ್ಳಿ.

ಡೆಬಿಯನ್‌ನ ಪ್ರಿಸೀಡ್‌ನಲ್ಲಿ ಡಿಸ್ಕಿನ ಭಾಗಕ್ಕೆ ಬಂದಾಗ ಹೊಸಬರಿಗೆ ಸಿಟ್ಟು ಬರುತ್ತದೆ. ಒಂದೇ ಡಿಸ್ಕನ್ನು ಅಳಿಸಲು ಮೂರು ನಾಲ್ಕು ಕಡೆ ಹೌದು ಎಂದು ಬರೆಯಬೇಕು. ಹೊಸ ವಿಭಾಗಪಟ್ಟಿ ಬರೆಯಲೇ? ಹೌದು. ಮುಗಿಸಲೇ? ಹೌದು. ಖಚಿತವೇ? ಹೌದು. ನನಗೂ ಬಂದಿತ್ತು. ಸರಸರನೆ ಎಲ್ಲಕ್ಕೂ ಹೌದು ಬರೆದು ಎದ್ದೆ. ಆ ನಾಲ್ಕು ಸಾಲು ಬರೆದ ಕೈಗೆ ಏನಾಯಿತು ಎಂಬುದನ್ನು ಈಗ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಅದರಲ್ಲೇ ಇದೆ.

ಪಿಎಕ್ಸ್‌ಇಗೆ ಬದಲಾದ ಮೊದಲ ವರ್ಷ. ಆಗ ಸಾಲಿಗೊಂದು ಫೈಲ್ ಎಂಬ ಜಾಣತನ ನನಗಿರಲಿಲ್ಲ. ಶನಿವಾರ ಸಂಜೆ ಲ್ಯಾಬಿನ ಯಂತ್ರಗಳನ್ನೆಲ್ಲ ಹೊಸದಾಗಿ ಮಾಡಿದೆ, ಡಿಫಾಲ್ಟ್ ಫೈಲಿನಲ್ಲಿಯೇ ಇನ್‌ಸ್ಟಾಲ್ ಮಾಡು ಎಂದು ಬರೆದಿತ್ತು. ಕೆಲಸ ಮುಗಿಯಿತು, ಖುಷಿಯಾಗಿ ಬೀಗ ಹಾಕಿ ಹೊರಟೆ. ಸರ್ವರ್ ಆನ್ ಇತ್ತು, ಯುಪಿಎಸ್ ಮೇಲೆ. ಆ ರಾತ್ರಿ ಕರೆಂಟ್ ಹೋಗಿ ಬಂತು. ವಿಭಾಗದ ಮುಖ್ಯಸ್ಥೆಯ ಕೊಠಡಿಯ ಕಂಪ್ಯೂಟರ್ ಲ್ಯಾಬಿನ ಸ್ವಿಚ್ಚಿಗೇ ಜೋಡಿಸಿದ್ದೆಂಬುದು ನನಗೆ ಗೊತ್ತಿರಲಿಲ್ಲ. ಅದರ ಬಯೋಸ್‌ನಲ್ಲಿ ಕರೆಂಟ್ ಬಂದರೆ ತಾನೇ ಆನ್ ಆಗು ಎಂದಿತ್ತು, ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿತ್ತು. ಕತ್ತಲಲ್ಲಿ ಅದು ಎದ್ದಿತು, ಕೂಗಿತು, ನನ್ನ ಸರ್ವರ್ ವಿಧೇಯವಾಗಿ ಉತ್ತರ ಕೊಟ್ಟಿತು.

ಸೋಮವಾರ ಬೆಳಿಗ್ಗೆ ಮೇಡಂ ಕರೆಸಿದರು. "ನನ್ನ ಕಂಪ್ಯೂಟರ್ ಯಾಕೋ ವಿದ್ಯಾರ್ಥಿ ಎಂಬ ಹೆಸರಿಗೆ ಪಾಸ್‌ವರ್ಡ್ ಕೇಳುತ್ತಿದೆ, ಸ್ವಲ್ಪ ನೋಡಿ," ಎಂದರು. ಪರದೆ ನೋಡಿದ ಕೂಡಲೇ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಒಂದೇ ಸಲ ಇನ್‌ಸ್ಟಾಲ್ ಆಗಿದ್ದರೂ ಬೇರೆ ಮಾತು, ಅದು ಮುಗಿಸಿ ರೀಬೂಟ್ ಆಗಿ ಮತ್ತೆ ನೆಟ್‌ವರ್ಕಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿತ್ತು. ಸರ್ವರಿನ ಲಾಗ್ ತೆಗೆದರೆ ಭಾನುವಾರ ಇಡೀ ದಿನ ಅದೇ ಮ್ಯಾಕ್ ವಿಳಾಸ, ಸುಮಾರು ಅರ್ಧ ಗಂಟೆಗೊಮ್ಮೆ. ಬೆಳಿಗ್ಗೆ ಅವರು ಬಂದಾಗ ನಿಂತಿದ್ದೂ ನಾನು ಎಂಟು ಗಂಟೆಗೆ ಬಂದು ಸರ್ವರ್ ಆಫ್ ಮಾಡಿದ್ದರಿಂದ. ಅಂದರೆ ಅಳಿಸಿದ್ದರ ಮೇಲೆ ಮತ್ತೆ ಮತ್ತೆ ಬರೆದಾಗಿತ್ತು, ಹಳೆಯ ಫೈಲ್‌ಗಳನ್ನು ಎತ್ತುವ ಆಸೆಯೂ ಇರಲಿಲ್ಲ. ಎರಡು ತಿಂಗಳ ಹಿಂದಿನ ಪ್ರತಿಯೊಂದು ಪೆನ್ ಡ್ರೈವಿನಲ್ಲಿತ್ತು. ಆಮೇಲಿನ ಪ್ರಶ್ನೆಪತ್ರಿಕೆಗಳನ್ನು ಮೇಡಂ ಮತ್ತೆ ಟೈಪ್ ಮಾಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫ್ಲಾಪಿ ಕಾಲದಲ್ಲಿ ಇದು ಆಗುತ್ತಲೇ ಇರಲಿಲ್ಲ. ಫ್ಲಾಪಿಯನ್ನು ಯಾರಾದರೂ ಕೈಯಿಂದ ಹಾಕಬೇಕಿತ್ತು, ಆ ಕೈಗೆ ಯಾವ ಯಂತ್ರದ ಮುಂದೆ ನಿಂತಿದ್ದೇನೆ ಎಂದು ಗೊತ್ತಿರುತ್ತಿತ್ತು. ನಾನು ಆ ಕೈಯನ್ನು ತೆಗೆದೆ, ಅದು ಮಾಡುತ್ತಿದ್ದ ಗುರುತು ಹಿಡಿಯುವ ಕೆಲಸವನ್ನು ಯಾರಿಗೂ ಒಪ್ಪಿಸಲಿಲ್ಲ. ಆದ್ದರಿಂದ ಉತ್ತರಪತ್ರಿಕೆ ಬರೆಯುವಾಗ ನಾನು ಈಗ ಕೇಳಿಕೊಳ್ಳುವುದು, ಯಾವ ಪ್ರಶ್ನೆಯನ್ನು ಖಾಲಿ ಬಿಡಬೇಕು ಎಂದು. ಭಾಷೆ, ಕಾಲವಲಯ, ಪ್ಯಾಕೇಜುಗಳು, ಬಳಕೆದಾರನ ಹೆಸರು ಎಲ್ಲ ತುಂಬಿ. "ಈ ಯಂತ್ರವೇ?" ಎಂಬ ಒಂದಕ್ಕೆ ಮಾತ್ರ ಮನುಷ್ಯ ಉತ್ತರಿಸಲಿ.

ಇದಕ್ಕೆ ದಾರಿಗಳಿವೆ. ನನ್ನ ಡಿಫಾಲ್ಟ್ ಫೈಲಿನಲ್ಲಿ ಈಗ ಇರುವುದು ಒಂದೇ ಮಾತು: ನಿನ್ನ ಡಿಸ್ಕಿನಿಂದಲೇ ಏಳು. ಇನ್‌ಸ್ಟಾಲ್ ಆಗಬೇಕಾದ ಯಂತ್ರದ ಮ್ಯಾಕ್ ಹೆಸರಿನಲ್ಲೋ ಸಾಲಿನ ಹೆಸರಿನಲ್ಲೋ ಫೈಲ್ ಇಟ್ಟಾಗ ಮಾತ್ರ ಕೆಲಸ ಶುರು. ಇನ್‌ಸ್ಟಾಲ್ ಕೊನೆಯಲ್ಲಿ ಓಡಿಸಲು ಒಂದು ಆಜ್ಞೆ ಬರೆಯುವ ಅವಕಾಶ ಎಲ್ಲ ಉತ್ತರಪತ್ರಿಕೆಗಳಲ್ಲೂ ಇದೆ. ಅದರಿಂದ ಸರ್ವರ್‌ಗೆ "ನನ್ನದಾಯಿತು" ಎಂದು ಹೇಳಿಸುತ್ತೇನೆ. ಸರ್ವರ್ ಆ ಮ್ಯಾಕ್ ಹೆಸರಿನಲ್ಲಿ ಡಿಸ್ಕಿನಿಂದ ಏಳು ಎಂಬ ಫೈಲ್ ಇಡುತ್ತದೆ. ಹುಡುಕಾಟದಲ್ಲಿ ಐಪಿಗಿಂತ ಮ್ಯಾಕ್ ಮೊದಲು ಬರುವುದರಿಂದ ಸಾಲಿನ ಫೈಲ್ ಇನ್ನೂ ಅಲ್ಲೇ ಇದ್ದರೂ ಅದು ಮತ್ತೆ ಸುತ್ತು ತಿರುಗುವುದಿಲ್ಲ. ಫ್ಲಾಪಿ ಕೀಳುವ ಕೆಲಸವನ್ನು ಈಗ ಸರ್ವರೇ ಮಾಡುತ್ತಿದೆ, ಅಷ್ಟೇ.

ಉಬುಂಟು ಮಾಡಿದವರು ಈ ವಿಷಯದಲ್ಲಿ ವಿವೇಕಿಗಳು. ಉತ್ತರಪತ್ರಿಕೆ ಕೊಟ್ಟರೂ, ಬೂಟ್ ಸಾಲಿನಲ್ಲಿ ಆಟೋಇನ್‌ಸ್ಟಾಲ್ ಎಂಬ ಪದವನ್ನು ಬೇರೆಯಾಗಿ ಬರೆದಿಲ್ಲದಿದ್ದರೆ ಡಿಸ್ಕ್ ಮುಟ್ಟುವ ಮುನ್ನ ನಿಂತು ಮುಂದುವರಿಯಲೇ ಎಂದು ಕೇಳುತ್ತದೆ. ಇಂಥ ಭಾಗವನ್ನು ಮಾತ್ರ ಮನುಷ್ಯನನ್ನೇ ಕೇಳು ಎಂದು ಪಟ್ಟಿ ಕೊಡಲೂ ಬರುತ್ತದೆ. ಕಿಕ್‌ಸ್ಟಾರ್ಟ್‌ನಲ್ಲೂ ಡಿಸ್ಕಿನ ಸಾಲುಗಳನ್ನು ಬಿಟ್ಟರೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಡಿಸ್ಕ್ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಲಿನಕ್ಸ್ ಡಿಸ್ಕಿಗೆ ಕೊಡುವ ಎಸ್‌ಡಿಎ ಎಂಬ ಹೆಸರೆಂದರೆ ಯಾವಾಗಲೂ ಮೊದಲ ಡಿಸ್ಕ್ ಎಂದು ನಂಬಬೇಡಿ, ಆ ಕ್ರಮಕ್ಕೆ ಖಾತರಿಯಿಲ್ಲ. ಯಾರೋ ಬಿಟ್ಟುಹೋದ ಪೆನ್ ಡ್ರೈವ್ ಒಮ್ಮೊಮ್ಮೆ ಆ ಹೆಸರು ಪಡೆದುಬಿಡುತ್ತದೆ. ಹೊಸ ಎನ್‌ವಿಎಂಇ ಡಿಸ್ಕುಗಳ ಹೆಸರಿನ ರೀತಿಯೇ ಬೇರೆ. ಗಾತ್ರ, ಸೀರಿಯಲ್ ನಂಬರ್, ಎಸ್‌ಎಸ್‌ಡಿ ಹೌದೋ ಅಲ್ಲವೋ ಎಂಬುದರಿಂದ ಆರಿಸಿ.

ಪಾಸ್‌ವರ್ಡ್. ಈ ಉತ್ತರಪತ್ರಿಕೆಯನ್ನು ಸರ್ವರ್ ಯಾರು ಕೇಳಿದರೂ ಕೊಡುತ್ತದೆ, ಕೊಡಲೇಬೇಕು, ಏಕೆಂದರೆ ಕೇಳುವ ಯಂತ್ರಕ್ಕೆ ಇನ್ನೂ ಯಾವ ಗುರುತೂ ಇಲ್ಲ. ಒಂದು ಸಲ ಮೂರನೆಯ ವರ್ಷದ ಹುಡುಗನೊಬ್ಬ ಬಂದು, "ಸರ್, ನಿಮ್ಮ ಪಾಸ್‌ವರ್ಡಿನಲ್ಲಿ ಸ್ಪೆಲಿಂಗ್ ತಪ್ಪಿದೆ," ಎಂದ. ಬೂಟ್ ಆಗುವಾಗ ಪರದೆಯ ಮೇಲೆ ಹಾದುಹೋದ ವಿಳಾಸವನ್ನು ಬ್ರೌಸರಿನಲ್ಲಿ ಹೊಡೆದಿದ್ದ, ಅಷ್ಟೇ. ಅಂದಿನಿಂದ ಹ್ಯಾಶ್ ಮಾಡಿದ, ಅಂದರೆ ಮೂಲ ಪದ ನೇರವಾಗಿ ಕಾಣದ ಹಾಗೆ ತಿರುಗಿಸಿದ ಪಾಸ್‌ವರ್ಡ್ ಮಾತ್ರ ಬರೆಯುತ್ತೇನೆ, ಅದನ್ನೂ ಇನ್‌ಸ್ಟಾಲ್ ಮುಗಿದ ಮೇಲೆ ಬದಲಿಸುತ್ತೇನೆ. ಆ ಹುಡುಗನನ್ನು ಮುಂದಿನ ವರ್ಷ ಲ್ಯಾಬ್ ಕೆಲಸಕ್ಕೆ ಜೊತೆ ಮಾಡಿಕೊಂಡೆ.

ಯಂತ್ರ ಎದ್ದೇಳದಿದ್ದಾಗ ಪರದೆ ನೋಡಿ. ಪಿಎಕ್ಸ್‌ಇ-ಇ51 ಎಂದರೆ ಕೂಗಿಗೆ ಯಾರೂ ಓಗೊಡಲಿಲ್ಲ. ಇ53 ಎಂದರೆ ವಿಳಾಸ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ. ಈ ಎರಡನೆಯದು ಬಂದರೆ ನಾನು ಸರ್ವರ್ ಬಿಟ್ಟು ಮೇಜಿನ ಕೆಳಗೆ ಹುಡುಕುತ್ತೇನೆ. ಬಹಳ ಸಲ ಅಲ್ಲಿ ಯಾರೋ ವೈಫೈಗೆಂದು ತಂದು ಸಿಕ್ಕಿಸಿದ ರೌಟರ್ ಇರುತ್ತದೆ, ಅದೂ ವಿಳಾಸ ಹಂಚುತ್ತಾ ಕೂತಿರುತ್ತದೆ. ಇ51 ಬಂದು, ಕೇಬಲ್ ಸರಿಯಿದ್ದು, ಎರಡನೆಯ ಪ್ರಯತ್ನಕ್ಕೆ ಸರಿಹೋದರೆ ಸ್ವಿಚ್ಚನ್ನು ಅನುಮಾನಿಸಿ. ನೆಟ್‌ವರ್ಕಿನಲ್ಲಿ ಸುತ್ತುಗಳಾಗದಂತೆ ನೋಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ ಇರುವ ಸ್ವಿಚ್ ಹೊಸದಾಗಿ ಎದ್ದ ಪೋರ್ಟನ್ನು ಸುಮಾರು 30 ಸೆಕೆಂಡ್ ಕಾಯಿಸುತ್ತದೆ, ಅಷ್ಟರಲ್ಲಿ ಕಾರ್ಡಿನ ತಾಳ್ಮೆ ಮುಗಿದಿರುತ್ತದೆ. ಯಂತ್ರಗಳಿರುವ ಪೋರ್ಟುಗಳಿಗೆ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಡಿ. ಕ್ಯಾಂಪಸ್ಸಿನ ಡಿಎಚ್‌ಸಿಪಿ ನಿಮ್ಮ ಕೈಯಲ್ಲಿಲ್ಲದಿದ್ದರೆ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಮನ್ನು ಪ್ರಾಕ್ಸಿ ರೀತಿಯಲ್ಲಿ ಓಡಿಸಿ, ವಿಳಾಸ ಅವರು ಕೊಡಲಿ, ಫೈಲಿನ ಹೆಸರು ನೀವು ಹೇಳಿ.

ಲೆಕ್ಕವೊಂದನ್ನು ಮೊದಲೇ ಮಾಡಿಕೊಳ್ಳಿ. ಯಂತ್ರಕ್ಕೆ 3 ಜಿಬಿಯಂತೆ ಅರವತ್ತಕ್ಕೆ 180 ಜಿಬಿ. ಸರ್ವರಿನ ತಂತಿ ಗಿಗಾಬಿಟ್ ಆದರೆ ಎಲ್ಲ ಸರಿಯಿದ್ದಾಗ ಅರ್ಧ ಗಂಟೆ. ನಡುವೆ 100 ಮೆಗಾಬಿಟ್ಟಿನ ಹಳೆಯ ಸ್ವಿಚ್ ಒಂದಿದ್ದರೆ ನಾಲ್ಕೂವರೆ ಗಂಟೆ. ಇಂಟರ್‌ನೆಟ್ಟಿನಿಂದ ಅರವತ್ತು ಸಲ ಇಳಿಸುವ ಮಾತೇ ಬೇಡ, ಪ್ಯಾಕೇಜುಗಳ ಪ್ರತಿಯೊಂದು ಲ್ಯಾಬಿನೊಳಗೇ ಇರಲಿ. ನಾನು ಸಾಲು ಸಾಲಾಗಿ ಎಬ್ಬಿಸುತ್ತೇನೆ, ಅದಕ್ಕೆ ಯುಪಿಎಸ್ ಕೂಡ ಕಾರಣ. ಎಬ್ಬಿಸಲು ನಡೆಯಬೇಕಿಲ್ಲ. ಆರು ಬೈಟ್ ಎಫ್‌ಎಫ್, ನಂತರ ಆ ಯಂತ್ರದ ಮ್ಯಾಕ್ ಹದಿನಾರು ಸಲ, ಒಟ್ಟು 102 ಬೈಟ್ ಕಳಿಸಿದರೆ ಮಲಗಿದ ಯಂತ್ರ ಕಣ್ಣು ಬಿಡುತ್ತದೆ. ಹದಿನಾರು ಸಲ ಹೆಸರು ಹಿಡಿದು ಕರೆದರೆ ನಮ್ಮ ಮನೆಯಲ್ಲೂ ಏಳುತ್ತಾರೆ.

ಕನ್ನಡದ ಬಗ್ಗೆ ಬೆಳಿಗ್ಗೆ ಒಬ್ಬರು ಕೇಳಿದ್ದರು. ಡೆಬಿಯನ್ನಿನ ಇನ್‌ಸ್ಟಾಲರ್ ಕನ್ನಡದಲ್ಲಿದೆ, ಆದರೆ ಚಿತ್ರಾತ್ಮಕ ರೂಪದಲ್ಲಿ ಮಾತ್ರ, ಏಕೆಂದರೆ ಬರೀ ಪಠ್ಯದ ಪರದೆಗೆ ನಮ್ಮ ಒತ್ತಕ್ಷರಗಳನ್ನು ಬಿಡಿಸಲು ಬರುವುದಿಲ್ಲ. ಯಾರೋ ಕೂತು ಕಷ್ಟಪಟ್ಟು ಮಾಡಿದ ಆ ಅನುವಾದವನ್ನು ನನ್ನ ಲ್ಯಾಬಿನಲ್ಲಿ ಒಬ್ಬರೂ ಓದುವುದಿಲ್ಲ, ಓದುವ ಪರದೆಯನ್ನೇ ನಾನು ಮುಚ್ಚಿದ್ದೇನೆ ಎಂದು ಒಮ್ಮೊಮ್ಮೆ ಪಿಚ್ಚೆನಿಸುತ್ತದೆ. ಆದರೆ ಕೀಲಿಮಣೆಯ ಸಾಲಿನಲ್ಲಿ ಕಗಪ ವಿನ್ಯಾಸವನ್ನು ಸೇರಿಸಬಹುದು. ಲಿನಕ್ಸ್‌ನಲ್ಲಿ ಅದು ಭಾರತದ ಕೀಲಿಮಣೆಯ ಒಂದು ಬಗೆಯಾಗಿ ಸಿದ್ಧವಾಗಿಯೇ ಇದೆ. ಒಮ್ಮೆ ಬರೆದರೆ ಅರವತ್ತು ಯಂತ್ರಗಳಲ್ಲೂ ಕನ್ನಡ ಟೈಪಿಂಗ್ ಸಿದ್ಧ.

ಎಲ್ಲಿಂದ ಶುರು ಮಾಡಬೇಕು ಎಂದು ಕೈ ಎತ್ತಿದ್ದೀರಿ. ಸೋಮವಾರ ನಿಮ್ಮ ಕಂಪ್ಯೂಟರಿನಲ್ಲೇ, ಯಂತ್ರದೊಳಗೆ ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಹೊರಗಿನ ಸಂಪರ್ಕವಿಲ್ಲದ ಒಳ ನೆಟ್‌ವರ್ಕಿನಲ್ಲಿ ಒಂದು ಸರ್ವರ್, ಒಂದು ಖಾಲಿ ಯಂತ್ರ. ಅದನ್ನು ಹತ್ತು ಸಲ ಅಳಿಸಿ, ಯಾರಿಗೂ ನೋವಿಲ್ಲ. ಸರಿಹೋದ ಮೇಲೆ ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಯಂತ್ರ, ಐದು ಪೋರ್ಟಿನ ಒಂದು ಅಗ್ಗದ ಸ್ವಿಚ್. ಲ್ಯಾಬಿಗೆ ಬರುವಾಗ ಮೊದಲು ಸ್ವಿಚ್ಚಿನ ಒಂದೊಂದು ಕೇಬಲನ್ನೂ ಹಿಡಿದು ಇನ್ನೊಂದು ತುದಿಯವರೆಗೆ ನಡೆಯಿರಿ. ಗೋಡೆಯ ಆಚೆ ಹೋಗುವ ಕೇಬಲ್ ಸಿಕ್ಕರೆ ನೀವೂ ಗೋಡೆಯ ಆಚೆ ಹೋಗಿ ನೋಡಿ, ಬಾಗಿಲಿಗೆ ಬೀಗವಿದ್ದರೆ ಕೀಲಿ ತರಿಸಿ. ನಮ್ಮಲ್ಲಿ ಆ ಕೇಬಲ್ ಹಸಿರು ಬಣ್ಣದ್ದು. ಇನ್‌ಸ್ಟಾಲ್ ಮಾಡುವ ದಿನ ಅದನ್ನು ಕಿತ್ತು ನನ್ನ ಮೇಜಿನ ಮೇಲೆ, ಚಹಾದ ಲೋಟದ ಪಕ್ಕ ಇಟ್ಟುಕೊಳ್ಳುತ್ತೇನೆ. ಸಂಜೆ ಮೇಡಂ ಬಂದು, "ಮುಗಿಯಿತೇ? ಹಾಕಲೇ?" ಎಂದು ಕೇಳಿ ತಾವೇ ಅದನ್ನು ಮತ್ತೆ ಸಿಕ್ಕಿಸುತ್ತಾರೆ.